ಕಾರ್ಮಿಕ ಕಾನೂನಿಗೊಂದು ಪ್ರಾರ್ಥನೆ

ಒಬ್ಬರಿಗೆ ಬರುವ ವಿದ್ಯೆಗೂ ಊರಿನವರು ಅವರನ್ನು ಹುಡುಕಿಕೊಂಡು ಬರುವ ಕಾರಣಕ್ಕೂ ಸಂಬಂಧ ಇರಲೇಬೇಕೆಂದು ಎಲ್ಲೂ ಬರೆದಿಲ್ಲ. ಮಂಡ್ಯದ ನಮ್ಮ ಬೀದಿಯಲ್ಲಿರುವ ಪೋಸ್ಟ್ ಮಾಸ್ತರರು ಚದುರಂಗದಲ್ಲಿ ಗಟ್ಟಿಗರು. ಆಡಲು ಯಾರೂ ಸಿಗದೆ ಬಲಗೈಗೂ ಎಡಗೈಗೂ ಪಂದ್ಯ ಹೂಡಿ, ಎಡಗೈ ಸೋತಾಗ ಅದರ ಮೇಲೆ ಕನಿಕರಪಡುತ್ತಾರೆ. ಆದರೆ ಅವರ ಮನೆಯ ಬಾಗಿಲು ತಟ್ಟುವವರೆಲ್ಲ ಬರುವುದು ಚೇಳಿನ ಮಂತ್ರಕ್ಕೆ. ಎಂದೋ ಒಮ್ಮೆ ಯಾರಿಗೋ ಚೇಳು ಕುಟುಕಿದಾಗ ಇವರು ಪಕ್ಕದಲ್ಲಿ ನಿಂತು ಏನೋ ಗೊಣಗಿದರಂತೆ, ನೋವು ಇಳಿಯಿತಂತೆ. ಗೊಣಗಿದ್ದು ಆಟದ ಮುಂದಿನ ನಡೆಯನ್ನು ಎಂದು ಅವರು ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ಅವರನ್ನು ಕಂಡಾಗಲೆಲ್ಲ ನನಗೆ ಹತ್ತಿರದ ನೆಂಟರನ್ನು ಕಂಡ ಹಾಗಾಗುತ್ತದೆ. ನನ್ನದೂ ಅದೇ ಕಥೆ. ನಾನು ಮೈಸೂರಿನಲ್ಲಿ ಅರ್ಥಶಾಸ್ತ್ರ ಓದಿದವಳು. ಅದರಲ್ಲೂ ಕಾರ್ಮಿಕ ಕಾನೂನನ್ನು ಆರಿಸಿಕೊಂಡು, ಇಷ್ಟಪಟ್ಟು ಓದಿದವಳು. ಜನ ನನ್ನನ್ನು ಕರೆಯುವುದು ಪ್ರಾರ್ಥನೆ ಹಾಡುವುದಕ್ಕೆ.

ನನ್ನ ಕಂಠ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಶ್ರುತಿ ತಪ್ಪುವುದಿಲ್ಲ, ಅಷ್ಟೆ. ಕೇಳಿದವರು ತಪ್ಪು ಹುಡುಕಲಾರರು, ತಲೆದೂಗಲೂ ಆರರು. ಆದರೂ ನನ್ನನ್ನೇ ಕರೆಯುವುದಕ್ಕೆ ಕಾರಣ ನಮ್ಮ ಭಾವ. ನಾನು ಇಲ್ಲಿನ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಉಪಾಧ್ಯಾಯಿನಿ. ಇರುವುದು ಅಕ್ಕನ ಮನೆಯಲ್ಲಿ. ಅಕ್ಕನ ಗಂಡ ವಕೀಲರು, ಜೊತೆಗೆ ಚರ್ಚಾಕೂಟದ ಕಾರ್ಯದರ್ಶಿ. ವಕೀಲರು, ಮೇಷ್ಟರು, ಗಿರಣಿಗಳ ಯಜಮಾನರು, ಕೆಲಸ ಬಿಟ್ಟು ಮನೆಯಲ್ಲಿ ಕೂತು ಬೇಸರಪಡುವ ಹಿರಿಯ ಅಧಿಕಾರಿಗಳು, ಇವರೆಲ್ಲ ಸೇರಿದ ಕೂಟ ಅದು. ಒಂದು ಸಲ ಮಂಡ್ಯದಲ್ಲಿ, ಒಂದು ಸಲ ಮದ್ದೂರಿನಲ್ಲಿ, ಒಂದು ಸಲ ಮಳವಳ್ಳಿಯಲ್ಲಿ ಸಭೆ ಸೇರುತ್ತದೆ. ಶಿವಪುರದ ಧ್ವಜ ಸತ್ಯಾಗ್ರಹ ಆದ ಮೇಲೆ ನಮ್ಮ ಕಡೆಯವರಿಗೆ ಸಭೆಯ ರುಚಿ ಹತ್ತಿಬಿಟ್ಟಿದೆ. ಯಾವ ವಿಷಯಕ್ಕೆ ಕರೆದರೂ ಜಮಖಾನ ತುಂಬುತ್ತದೆ. ಸಭೆ ಅಂದರೆ ಪ್ರಾರ್ಥನೆ ಬೇಕು. ಪ್ರಾರ್ಥನೆಗೆ ಹೆಣ್ಣು ಕಂಠ ಬೇಕು. ಕಾರ್ಯದರ್ಶಿಗಳ ಕೈಗೆ ಸುಲಭವಾಗಿ ಸಿಕ್ಕುವ ಹೆಣ್ಣು ಕಂಠ ಅವರ ಮನೆಯಲ್ಲೇ ಊಟ ಮಾಡುತ್ತಿತ್ತು.

ಯುದ್ಧ ಶುರುವಾದ ಮೇಲೆ ಕೂಟದ ಗಮನವೆಲ್ಲ ಕಾರ್ಮಿಕರ ಕಡೆ ತಿರುಗಿತು. ಸಂಸ್ಥಾನದಲ್ಲಿ ಹೊಸ ಕಾನೂನು ಬಂದಿತ್ತು. ಕೆಲಸಗಾರರು ಸಂಘ ಕಟ್ಟಿಕೊಳ್ಳಬಹುದು. ವ್ಯಾಜ್ಯ ಎದ್ದರೆ ಯಜಮಾನರೂ ಅವರೂ ಎದುರುಬದುರು ಕೂತು ಮಾತಾಡಬೇಕು. ಅಲ್ಲಿಗೂ ಬಗೆಹರಿಯದಿದ್ದರೆ ಸರ್ಕಾರ ನಡುವೆ ಬಂದು ರಾಜಿ ಮಾಡಿಸುತ್ತದೆ. ನಾನು ಪುಸ್ತಕದಲ್ಲಿ ಮಾತ್ರ ಕಂಡಿದ್ದ ವಿಷಯ ನಮ್ಮೂರಿನ ಬಾಗಿಲಿಗೇ ನಡೆದುಕೊಂಡು ಬಂದಂತಾಯಿತು. ಬಂತು, ನನ್ನನ್ನು ದಾಟಿಕೊಂಡು ಒಳಗೆ ಹೋಯಿತು. ಸಭೆಯ ಕ್ರಮ ಹೀಗೆ: ನಾನು ವೇದಿಕೆ ಹತ್ತಿ ಗಣಪತಿಯನ್ನು ಕರೆಯುತ್ತೇನೆ. ಗಣಪತಿ ಬಂದು ಕೂರುತ್ತಾನೆ, ನಾನು ಇಳಿದು ಹೋಗುತ್ತೇನೆ. ಹೆಂಗಸರಿಗೆಂದು ಬಿಟ್ಟಿರುವ ಪಕ್ಕದ ಜಗುಲಿಯಲ್ಲಿ ಕೂತು, ಒಳಗೆ ಮುಷ್ಕರದ ಹಕ್ಕಿನ ಮೇಲೆ ಭಾವ ಮಾತಾಡುವುದನ್ನು ಒಂದು ಕಿವಿಯಲ್ಲಿಯೂ ಹಪ್ಪಳಕ್ಕೆ ಎಷ್ಟು ಖಾರ ಹಾಕಬೇಕೆಂಬುದನ್ನು ಇನ್ನೊಂದು ಕಿವಿಯಲ್ಲಿಯೂ ಕೇಳುತ್ತೇನೆ. ಪತ್ರಿಕೆಯಲ್ಲಿ ವರದಿ ಬಂದರೆ, 'ಸೋದರಿಯೊಬ್ಬರ ಪ್ರಾರ್ಥನೆಯೊಂದಿಗೆ' ಸಭೆ ಆರಂಭವಾಗಿರುತ್ತದೆ. ಹೆಸರು ಹಾಕಿಸಿಕೊಳ್ಳುವ ಆಸೆ ನನಗಿಲ್ಲ, ಇಲ್ಲಿಯೂ ಹಾಕುವುದಿಲ್ಲ. ಆದರೆ ಸೋದರಿ ಎಂದರೆ ಯಾರ ಸೋದರಿ ಎಂಬ ಪ್ರಶ್ನೆಯಾದರೂ ಏಳಬೇಡವೆ?

ನನ್ನ ಅಭಿಪ್ರಾಯಗಳು ಸಭೆಗೆ ಹೋಗುತ್ತಲೇ ಇರಲಿಲ್ಲ ಅನ್ನುವಂತಿಲ್ಲ. ಹೋಗುತ್ತಿದ್ದವು, ಭಾವನವರ ಜೊತೆಯಲ್ಲಿ. ಸಭೆಯ ಹಿಂದಿನ ದಿನ ಊಟಕ್ಕೆ ಕೂತಾಗ ಅವರು ಸಾರು ಕಲಸುತ್ತ, ನೆಲವನ್ನು ನೋಡುತ್ತ, "ಏನಮ್ಮ, ರಾಜಿ ಪಂಚಾಯಿತಿ ವಿಷಯ ಆವತ್ತು ಏನೋ ಹೇಳ್ತಾ ಇದ್ದೆಯಲ್ಲ?" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಅಕ್ಕ ಹುಳಿಯ ಪಾತ್ರೆ ಹಿಡಿದು ನಿಂತು, "ಊಟ ಮಾಡುವಾಗ ಎಂಥ ಮಾತು ಆಡಬೇಕು ಅಂತ ಇದೆ, ಆ ಕೂಲಿಯವರು ಇಷ್ಟೊತ್ತಿಗೆ ಉಂಡು ಮಲಗಿರುತ್ತಾರೆ" ಎಂದು ಬಡಿಸುತ್ತಿದ್ದಳು. ಮರುದಿನ ಸಂಜೆ ನನ್ನ ವಾಕ್ಯ ಭಾವನವರ ಬಾಯಿಂದ, ನಡುವೆ ಒಂದು ಕೆಮ್ಮು ಸೇರಿಸಿಕೊಂಡು, ಸಭೆಯಲ್ಲಿ ಹೊರಡುತ್ತಿತ್ತು. ಚಪ್ಪಾಳೆ ಬೀಳುತ್ತಿತ್ತು. ಅವರು ಕದಿಯುವವರಲ್ಲ, ಒಳ್ಳೆಯವರು. ಮನೆಯ ತೋಟದ ತೆಂಗಿನಕಾಯಿಯನ್ನು ದೇವಸ್ಥಾನಕ್ಕೆ ಕೊಡುವಾಗ ಯಾರು ಮರ ಹತ್ತಿದರು ಎಂದು ಯಾರಾದರೂ ಹೇಳುತ್ತಾರೆಯೆ? ಹಾಗೆ. ನನಗೆ ಹೊಟ್ಟೆಕಿಚ್ಚೂ ಆಗುತ್ತಿರಲಿಲ್ಲ. ಆಗುತ್ತಿದ್ದುದು ಇನ್ನೊಂದು. ಆ ವಾಕ್ಯ ನನ್ನದೇ ದನಿಯಲ್ಲಿ, ತುಂಬಿದ ಕೋಣೆಯಲ್ಲಿ ಹೇಗೆ ಕೇಳಿಸೀತು ಎಂದು ತಿಳಿಯುವ ಆಸೆ. ಮನೆಯಲ್ಲಿ ಯಾರೂ ಇಲ್ಲದಾಗ ಒಮ್ಮೆ ಉಗ್ರಾಣದ ಕೋಣೆಯಲ್ಲಿ ನಿಂತು ಹೇಳಿ ನೋಡಿದೆ. ಅಕ್ಕಿಯ ಮೂಟೆಗಳು ಬಹಳ ಶಿಸ್ತಿನಿಂದ ಕೇಳಿದವು.

ನಿಜ ಹೇಳುವುದಾದರೆ ನನಗೆ ಬೇಕಾಗಿದ್ದುದು ಚಪ್ಪಾಳೆಯೂ ಅಲ್ಲ. ಮೈಸೂರಿನಲ್ಲಿ ಓದುವಾಗ ಪ್ರತಿ ಗುರುವಾರ ಸಂಜೆ ನಮ್ಮ ಪ್ರೊಫೆಸರರ ಮನೆಯಲ್ಲಿ ನಾವು ಕೆಲವರು ಸೇರುತ್ತಿದ್ದೆವು. ಒಬ್ಬರು ಒಂದು ಮಾತು ಮುಂದಿಡುವುದು, ಉಳಿದವರು ಅದರ ಮೇಲೆ ಬೀಳುವುದು. ಪ್ರೊಫೆಸರರು ಏನೂ ಹೇಳದೆ ಪೇಟ ಬಿಚ್ಚಿ ಮೊಣಕಾಲಿನ ಮೇಲಿಟ್ಟುಕೊಂಡು ನಗುತ್ತ ಕೂರುವರು. ನನ್ನ ಗೆಳತಿ ಸುಭದ್ರೆ ನಾನು ಏನು ಹೇಳಿದರೂ, "ಶುದ್ಧ ತಪ್ಪು" ಎಂದೇ ಶುರುಮಾಡುವಳು. ಹಾಸ್ಟೆಲಿಗೆ ನಡೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ಜಗಳ. ಕೆಲಸಗಾರನ ಸಂಘಕ್ಕೆ ಹೊರಗಿನವನು ಅಧ್ಯಕ್ಷನಾಗಬಹುದೆ ಆಗಬಾರದೆ ಎಂದು ನಾವು ಗಲಾಟೆ ಮಾಡುತ್ತಿದ್ದರೆ, ಜಟಕಾದವನೊಬ್ಬ ಇವರಿಬ್ಬರಿಗೂ ಏನೋ ಆಸ್ತಿಯ ತಕರಾರು ಎಂದುಕೊಂಡು, "ಹೋಗ್ಲಿ ಬಿಡ್ರಮ್ಮ, ಸಮಪಾಲು ಮಾಡ್ಕೊಳಿ" ಎಂದು ಸಮಾಧಾನ ಹೇಳಿದ್ದ. ಈಗ ಸುಭದ್ರೆ ಮದುವೆಯಾಗಿ ಧಾರವಾಡದ ಕಡೆ ಇದ್ದಾಳೆ. ಇಲ್ಲಿ ನನ್ನ ಮಾತನ್ನು ಯಾರೂ ತಪ್ಪು ಅನ್ನುವುದಿಲ್ಲ. "ಪಾಪ, ಓದಿದ ಹುಡುಗಿ" ಎಂದು ಎಲ್ಲರೂ ಒಪ್ಪಿಬಿಡುತ್ತಾರೆ. ಹಸಿದವರಿಗೆ ಊಟದ ನೆನಪು ಬರುವ ಹಾಗೆ, ಗುರುವಾರ ಸಂಜೆಯಾದರೆ ನನಗೆ ಯಾರಾದರೂ ಶುದ್ಧ ತಪ್ಪು ಅನ್ನಲಿ ಅನ್ನಿಸುತ್ತದೆ.

ಇಂಥ ಹೊತ್ತಿನಲ್ಲಿ ಮಳವಳ್ಳಿಯ ಸಭೆ ನಿಶ್ಚಯವಾಯಿತು. ಯುದ್ಧಕ್ಕೆ ರೇಷ್ಮೆ ಬೇಕಾಗಿತ್ತು. ವಿಮಾನದಿಂದ ಧುಮುಕುವವರ ಕೊಡೆಗೆ ನಮ್ಮ ಮಳವಳ್ಳಿ ಸೀಮೆಯ ಹುಳ ನೂಲು ಕೊಡಬೇಕಾಗಿತ್ತು. ಕಿರುಗಾವಲಿನ ಆಚೆ ಗಫಾರ್ ಸಾಹೇಬರು ಎಂಬ ವ್ಯಾಪಾರಿ ದೊಡ್ಡದೊಂದು ತಗಡಿನ ಕೊಟ್ಟಿಗೆ ಹಾಕಿ, ಸುತ್ತಲ ಹಳ್ಳಿಯ ಹೆಂಗಸರನ್ನು ಸೇರಿಸಿ ರೇಷ್ಮೆಗೂಡಿನಿಂದ ನೂಲು ತೆಗೆಸುತ್ತಿದ್ದರು. ಅಲ್ಲಿನ ಹೆಂಗಸರಿಗೂ ಮೇಸ್ತ್ರಿಗೂ ಏನೋ ಮನಸ್ತಾಪ, ಹೆಂಗಸರು ಮುಖ ಊದಿಸಿಕೊಂಡಿದ್ದಾರೆ, ಕಾರಣ ಏನೆಂದು ಕೇಳಿದರೆ ಬಾಯಿ ಬಿಡುವುದಿಲ್ಲ ಎಂಬ ಸುದ್ದಿ ಕೂಟಕ್ಕೆ ಬಂತು. ಕೂಟದವರಿಗೆ ಇದಕ್ಕಿಂತ ಇನ್ನೇನು ಬೇಕು? ಕೊಟ್ಟಿಗೆಯಲ್ಲೇ ಸಭೆ, ಬೆಂಗಳೂರಿನಿಂದ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಒಬ್ಬರು, ನಿವೃತ್ತ ಅಮಲ್ದಾರರ ಅಧ್ಯಕ್ಷತೆ. ಭಾವ ಒಂದು ದಿನ ಕೋರ್ಟಿನಿಂದ ಬಂದವರೇ ಕೋಟು ಬಿಚ್ಚುವ ಮೊದಲೇ ಹೇಳಿದರು: "ನೋಡಮ್ಮ, ಅಲ್ಲಿ ಕೆಲಸ ಮಾಡೋರೆಲ್ಲ ಹೆಂಗಸರು. ಒಬ್ಬ ಹೆಣ್ಣುಮಗಳು ಮಾತಾಡಿದರೆ ಚೆನ್ನಾಗಿರುತ್ತೆ. ಅಧಿಕಾರಿಗಳ ಭಾಷಣ ಆದ ಮೇಲೆ ನಿನಗೂ ಐದು ನಿಮಿಷ ಇಟ್ಟಿದೀನಿ."

ನಾನು, "ಆಗಲಿ" ಎಂದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಏನಾಯಿತೆಂಬುದು ನನ್ನ ಸ್ವಂತ ವಿಷಯ. ಐದು ನಿಮಿಷಕ್ಕೆ ನಾನು ಮಾಡಿದ ತಯಾರಿಯಲ್ಲಿ ಒಬ್ಬರು ಇನ್ನೊಂದು ಪದವಿ ಪಡೆಯಬಹುದಾಗಿತ್ತು. ಅಕ್ಕನ ಯೋಚನೆ ಬೇರೆಯೇ ಇತ್ತು. "ಆ ಬೂದು ಸೀರೆ ಉಟ್ಟುಕೊಂಡು ಹೋಗಬೇಡ ಕಣೆ, ಆಸ್ಪತ್ರೆಯಿಂದ ಬಂದ ಹಾಗೆ ಕಾಣ್ತೀಯ" ಎಂದಳು. ರೇಷ್ಮೆ ಸೀರೆ ಉಡೋಣವೆಂದರೆ, ನೂಲು ತೆಗೆಯುವವರ ಎದುರಿಗೆ ರೇಷ್ಮೆಯಲ್ಲಿ ನಿಂತು ಅವರ ಕಷ್ಟ ಮಾತಾಡುವುದು ಚೆನ್ನಾಗಿ ಕಾಣುವುದಿಲ್ಲ. ಕೊನೆಗೆ ಬೂದು ಸೀರೆಯನ್ನೇ ಉಟ್ಟೆ.

ಮಳವಳ್ಳಿಯ ಬಸ್ಸು ಆಗ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿತ್ತು. ಓಡುತ್ತಿತ್ತು ಎಂಬುದು ಬಸ್ಸಿನ ಮೇಲಿನ ಗೌರವದಿಂದ ಹೇಳುವ ಮಾತು. ದಿಬ್ಬ ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಬೇಕು. ಹಾಗೆ ತಳ್ಳುವಾಗ ಅಮಲ್ದಾರರಿಗೂ ಕಿರುಗಾವಲಿನ ಸಂತೆಗೆ ಹೋಗುವ ರೈತರಿಗೂ ಇದ್ದ ಅಂತರವೆಲ್ಲ ಅಳಿಸಿಹೋಗುತ್ತಿತ್ತು. "ತಳ್ಳಿ ಬುದ್ಧಿ, ಸುಮ್ಕೆ ಕೈ ಇಟ್ಕಂಡಿದ್ರೆ ಬಸ್ಸು ಓಯ್ತದಾ?" ಎಂದು ಒಬ್ಬ ಅವರನ್ನು ಗದರಿದ. ಯಜಮಾನರೂ ಕೆಲಸಗಾರರೂ ಕೂಡಿ ದುಡಿಯಬೇಕೆಂಬ ತತ್ವ ಇಷ್ಟು ಚೆನ್ನಾಗಿ ನಡೆದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ನಾನು ಕಿಟಕಿಯ ಪಕ್ಕ ಕೂತು ನನ್ನ ಐದು ನಿಮಿಷವನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಕೊಟ್ಟಿಗೆಯಲ್ಲಿ ಒಲೆಗಳನ್ನು ಆರಿಸಿದ್ದರು, ಆದರೂ ಬಿಸಿನೀರಿನಲ್ಲಿ ಬೆಂದ ಹುಳದ ವಾಸನೆ ಗೋಡೆಗೆ ಮೆತ್ತಿಕೊಂಡಿತ್ತು. ಅಧಿಕಾರಿಗಳು ಕರವಸ್ತ್ರವನ್ನು ಮೂಗಿನಿಂದ ಕೆಳಗಿಳಿಸಲೇ ಇಲ್ಲ. ಒಂದು ಪಕ್ಕ ಕೂಟದವರು, ಇನ್ನೊಂದು ಪಕ್ಕ ನೆಲದ ಮೇಲೆ ಸಾಲಾಗಿ ಹೆಂಗಸರು. ಬೆರಳ ತುದಿಗಳೆಲ್ಲ ಬಿಸಿನೀರಿನಲ್ಲಿ ಆಡಿ ಆಡಿ ಬಿಳಿಚಿಕೊಂಡಿದ್ದವು. ಅಧ್ಯಕ್ಷರು ಪ್ರಾರ್ಥನೆ ಎಂದರು. ನಾನು ಎದ್ದು ನಿಂತು ಗಣಪತಿಯ ಮೇಲಿನ ಮೊದಲ ಸಾಲು ಹಾಡಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ. ನಿಲ್ಲಿಸಿದ್ದೇ ತಡ, ಆ ಸಾಲು ನನಗೆ ತಿರುಗಿ ಬಂತು. ಹೆಂಗಸರೆಲ್ಲ ಒಟ್ಟಾಗಿ ಅದನ್ನು ಹಾಡಿದ್ದರು.

ನಮ್ಮ ಕಡೆಯ ಸೋಬಾನೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಮದುವೆಯಲ್ಲಿ, ಒಸಗೆಯಲ್ಲಿ, ಒಬ್ಬಾಕೆ ಸಾಲು ಎತ್ತಿಕೊಡುತ್ತಾಳೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಎತ್ತಿಕೊಡುವವಳೇ ಯಜಮಾನಿ, ಆಕೆ ಮುಗಿಸುವವರೆಗೆ ಯಾರೂ ಬಿಡುವುದಿಲ್ಲ. ಈ ಹೆಂಗಸರಿಗೆ ಸಭೆಯ ಪ್ರಾರ್ಥನೆ ಎಂದರೇನೆಂದು ತಿಳಿಯದು. ಹೆಂಗಸೊಬ್ಬಳು ಎದ್ದು ನಿಂತು ಹಾಡಿದರೆ ಅವಳು ಎತ್ತಿಕೊಡುತ್ತಿದ್ದಾಳೆ ಎಂದೇ ಅರ್ಥ. ಎರಡನೆಯ ಸಾಲಿಗೂ ಹಾಗೇ ಆಯಿತು. ಗಣಪತಿಯನ್ನು ಅಷ್ಟು ಜನ ಸೇರಿ ಕರೆದದ್ದು ನಮ್ಮ ಚರ್ಚಾಕೂಟದ ಇತಿಹಾಸದಲ್ಲೇ ಮೊದಲು. ನನ್ನ ತೆಳ್ಳನೆಯ ದನಿಗೆ ಬೆನ್ನ ಹಿಂದೆ ಗೋಡೆ ಸಿಕ್ಕಿದ ಹಾಗಾಯಿತು. ಭಾವ ಕೆಮ್ಮುವುದನ್ನೂ ಮರೆತರು.

ಆಮೇಲೆ ಭಾಷಣಗಳು. ಅಧಿಕಾರಿಗಳು ಕಾನೂನನ್ನು ವಿವರಿಸಿದರು. ಆಗ ಮದ್ದೂರಿನ ವಕೀಲರೊಬ್ಬರು ಎದ್ದು, ಈ ಕೊಟ್ಟಿಗೆ ಕಾನೂನಿನ ಪ್ರಕಾರ ಕಾರ್ಖಾನೆ ಹೌದೋ ಅಲ್ಲವೋ ಎಂದು ಕೇಳಿಬಿಟ್ಟರು. ಅಲ್ಲಿಗೆ ಮುಗಿಯಿತು. ಯಂತ್ರ ಇದ್ದರೆ ಕಾರ್ಖಾನೆ ಎಂದರು ಒಬ್ಬರು. ನೂಲು ಸುತ್ತುವ ರಾಟೆಯೂ ಯಂತ್ರವೇ ಎಂದರು ಇನ್ನೊಬ್ಬರು. ಹಾಗಾದರೆ ನಮ್ಮ ಮನೆಯ ಬೀಸುವ ಕಲ್ಲೂ ಕಾರ್ಖಾನೆ, ನನ್ನ ಹೆಂಡತಿಯೂ ಕಾರ್ಮಿಕಳು ಎಂದರು ಮೂರನೆಯವರು, ನಗು. ತಗಡಿನ ಸೂರಿನ ಸಂದಿಯಿಂದ ಬೀಳುತ್ತಿದ್ದ ಬಿಸಿಲು ಅಧ್ಯಕ್ಷರ ಪೇಟದ ಮೇಲಿಂದ ಇಳಿದು ಅವರ ಮೊಣಕಾಲಿಗೆ ಬಂತು. ನೂಲು ತೆಗೆಯುವವರು ಯಾರ ಕಡೆಯೂ ನೋಡದೆ ಸೆರಗಿನ ಅಂಚು ಬಿಡಿಸುತ್ತ ಕೂತಿದ್ದರು. ಕೊನೆಗೆ ಅಮಲ್ದಾರರು ಗಡಿಯಾರ ತೆಗೆದು ನೋಡಿ, "ಹೊತ್ತಾಯಿತು. ಆ ಹೆಣ್ಣುಮಗಳ ಮಾತನ್ನು ಇನ್ನೊಂದು ಸಭೆಗೆ ಇಟ್ಟುಕೊಳ್ಳೋಣ. ಈಗ ಕೆಲಸಗಾರರು ತಮ್ಮ ಅಹವಾಲು ಹೇಳಲಿ" ಎಂದರು. ಭಾವ ನನ್ನ ಕಡೆ ನೋಡಿ ಕೈ ಚೆಲ್ಲಿದರು. ನಾನು ತಲೆಯಾಡಿಸಿದೆ. ಉಗ್ರಾಣದ ಅಕ್ಕಿ ಮೂಟೆಗಳಿಗೆ ಈ ಭಾಷಣವೂ ಸಲ್ಲುತ್ತದೆ ಎಂದುಕೊಂಡೆ. ತಮಾಷೆಯಾಗಿಯೇ ಅಂದುಕೊಂಡೆ.

"ಹೇಳಿ, ಏನು ನಿಮ್ಮ ಕಷ್ಟ?" ಎಂದರು ಅಮಲ್ದಾರರು. ಗಫಾರ್ ಸಾಹೇಬರು ಎದ್ದು ನಿಂತು, "ಹೇಳ್ರಮ್ಮ, ಹೆದರ್ಕೋಬೇಡಿ. ನಾನೇನು ಹುಲಿನಾ?" ಎಂದರು. ಬಿಳಿ ಗಡ್ಡದ, ಬೊಜ್ಜಿನ, ಬೆವರು ಒರೆಸಿಕೊಳ್ಳುತ್ತಿದ್ದ ಅವರು ಹುಲಿಯಂತೆ ಖಂಡಿತ ಇರಲಿಲ್ಲ. ಆದರೆ ಅವರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಮೇಸ್ತ್ರಿ ಪುಟ್ಟಸ್ವಾಮಿ ಸ್ವಲ್ಪ ಹಾಗೆಯೇ ಇದ್ದ. ಮುಂದಿನ ಸಾಲಿನಲ್ಲಿದ್ದ ಒಬ್ಬ ಗಟ್ಟಿ ಹೆಂಗಸು, ಚಿಕ್ಕತಾಯಮ್ಮ ಎಂದು ಆಮೇಲೆ ತಿಳಿಯಿತು, ಅಧ್ಯಕ್ಷರನ್ನೂ ಅಧಿಕಾರಿಯನ್ನೂ ದಾಟಿ ಪಕ್ಕದಲ್ಲಿ ಕೂತಿದ್ದ ನನ್ನನ್ನು ನೋಡಿದಳು.

"ನೀವೇ ಎತ್ಕೊಡಿ ಕಣವ್ವ," ಎಂದಳು. "ನೀವು ಎತ್ಕೊಟ್ರೆ ನಾವು ಯೋಳ್ತೀವಿ."

"ನಾನೇ?" ಎಂದೆ.

"ಮತ್ತೆ ಇನ್ಯಾರು? ಸುರು ಮಾಡ್ದೋರು ನೀವೇ ತಾನೆ? ಅರ್ಧಕ್ಕೇ ಬುಟ್ಟು ಕೂತ್ಕಂಡ್ರೆ ಎಂಗೆ?"

ಅಮಲ್ದಾರರು ಬೇಡವೆನ್ನಲು ಬಾಯಿ ತೆರೆದರು. ಅಧಿಕಾರಿಗಳು ಅವರ ತೋಳು ಮುಟ್ಟಿ ಸುಮ್ಮನಿರಿಸಿದರು; ಅವರಿಗೂ ಬಸ್ಸಿಗೆ ಹೊತ್ತಾಗಿತ್ತು. ನಾನು ಎದ್ದು ನಿಂತೆ. ತಯಾರಿ ಮಾಡಿದ್ದ ಮೊದಲ ಮಾತನ್ನು ಆದಷ್ಟು ಸಣ್ಣದು ಮಾಡಿ ಹೇಳಿದೆ: "ಕೆಲಸಕ್ಕೆ ಹೊತ್ತು ಗೊತ್ತಿರಬೇಕು."

"ಕೆಲ್ಸಕ್ಕೆ ಒತ್ತು ಗೊತ್ತಿರ್ಬೇಕೂ, ಸೋಬಾನವೇ," ಎಂದು ಹೆಂಗಸರು ಎಳೆದು ಹಾಡಿದರು. ತಗಡಿನ ಸೂರು ಗುಂಯ್ಯೆಂದಿತು.

"ಮಧ್ಯಾಹ್ನ ಉಣ್ಣಲು ಬಿಡುವು ಇರಬೇಕು," ಎಂದೆ. ಅದೂ ಹಾಡಾಯಿತು. ಉಗ್ರಾಣದಲ್ಲಿ ಒಣಗಿ ಕೂತಿದ್ದ ನನ್ನ ವಾಕ್ಯಗಳು ಒಂದೊಂದಾಗಿ ಅಷ್ಟು ಬಾಯಿಗಳಿಂದ ಅರಿಶಿನ ಕುಂಕುಮ ಇಟ್ಟುಕೊಂಡು ಬರುತ್ತಿದ್ದವು. ನನಗೆ ಧೈರ್ಯ ಬಂತು. ನನಗೆ ಬಹಳ ಪ್ರಿಯವಾದ ಮಾತನ್ನು ತೆಗೆದೆ: "ಯಜಮಾನರೂ ಕೆಲಸಗಾರರೂ ಕೂಡಿದ ಸಮಿತಿ ಆಗಬೇಕು."

ಇದನ್ನು ಯಾರೂ ತಿರುಗಿ ಹಾಡಲಿಲ್ಲ. ಚಿಕ್ಕತಾಯಮ್ಮ ಮೂಗು ಮುರಿದಳು. "ಅದು ಬ್ಯಾಡ ಕಣವ್ವ."

"ಯಾಕೆ ಬೇಡ?"

"ಸಮಿತಿ ಗಿಮಿತಿ ಅಂದ್ರೆ ಅದ್ರಾಗೆ ಈ ಮೇಸ್ತ್ರಿನೇ ಬಂದು ಕೂತ್ಕತಾನೆ."

"ಇಲ್ಲ, ನೀವು ಆರಿಸಿದವರೇ ಅದರಲ್ಲಿ ಕೂರಬೇಕು. ಅದೇ ಅದರ ಉದ್ದೇಶ," ಎಂದೆ.

"ಆರ್ಸೋವಾಗ ಇವ್ನು ಪಕ್ಕದಾಗೇ ನಿಂತಿರ್ತಾನಲ್ಲವ್ವ? ಬ್ಯಾರೆಯೋರ್ನ ಆರ್ಸುದ್ರೆ ನಾಳಿಕೆ ನನ್ನ ಒಗೆ ತುಂಬಿರೋ ಒಲೆ ಮುಂದೆ ಕೂರುಸ್ತಾನೆ. ನಿಮ್ಗೆ ಗೊತ್ತಿಲ್ಲ ಬುಡಿ. ನೀವು ಯೋಳೋದು ತಪ್ಪು."

ತಪ್ಪು! ಎಷ್ಟು ಕಾಲದ ಮೇಲೆ ಆ ಮಾತು ಕೇಳಿದೆ! ಗುರುವಾರದ ಸಂಜೆಗಳು, ಮೊಣಕಾಲಿನ ಮೇಲಿನ ಪೇಟ, ಜಟಕಾದವನು, ಎಲ್ಲ ಒಮ್ಮೆಗೇ ಆ ಹುಳದ ವಾಸನೆಯ ನಡುವೆ ಬಂದು ನಿಂತ ಹಾಗಾಯಿತು. ನಾನು ಸಭೆಯನ್ನು ಮರೆತು, ಗುಟ್ಟಾಗಿ ಮತ ಹಾಕುವ ಕ್ರಮವೊಂದಿದೆ ಎಂದು ವಾದ ಹೂಡಿದೆ. ಅವಳು ಅದಕ್ಕೂ ಉತ್ತರ ಕೊಟ್ಟಳು. ನಮ್ಮೂರಲ್ಲಿ ಗುಟ್ಟು ಎಲ್ಲಿ ಉಳಿಯುತ್ತದೆ ಎಂದು ಅವಳ ಪಕ್ಕದವಳು ಸೇರಿಸಿದಳು. ಇನ್ನೂ ಸ್ವಲ್ಪ ಹೊತ್ತು ಹೀಗೇ ಜಗಳವಾಡಲು ಬಿಟ್ಟಿದ್ದರೆ ನಾನು ಆ ರಾತ್ರಿ ಕಿರುಗಾವಲಿನಲ್ಲೇ ಉಳಿಯುತ್ತಿದ್ದೆ. ಆದರೆ ಅಧಿಕಾರಿಗಳು ಕೆಮ್ಮಿದ್ದರಿಂದ ನೆನಪಾಗಿ ಕೇಳಿದೆ: "ಹಾಗಾದರೆ ನಿಮಗೆ ಬೇಕಾದ್ದು ಏನು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕತಾಯಮ್ಮ ದನಿ ತಗ್ಗಿಸಿ, "ಪದ," ಎಂದಳು.

ವಿಷಯ ಇಷ್ಟು. ನೂಲು ತೆಗೆಯುವಾಗ ಅವರು ಪದ ಹೇಳಿಕೊಳ್ಳುತ್ತಿದ್ದರು. ಬಿಸಿನೀರು ಬೆರಳು ಸುಟ್ಟರೂ ಪದದ ಗುಂಗಿನಲ್ಲಿ ಹೊತ್ತು ಸರಿಯುತ್ತಿತ್ತು, ರಾಟೆಯೂ ಅದರ ಲಯದಲ್ಲೇ ತಿರುಗುತ್ತಿತ್ತು. ಹೊಸ ಕಾನೂನು ಬಂತೆಂದು ಊರೆಲ್ಲ ಸುದ್ದಿಯಾದ ಮೇಲೆ ಮೇಸ್ತ್ರಿ ಬಂದು, "ಇನ್ಮೇಲೆ ಇದು ಕಾರ್ಖಾನೆ. ಕಾರ್ಖಾನೆಯಲ್ಲಿ ಯಾರೂ ಹಾಡೋ ಹಾಗಿಲ್ಲ, ಕಾನೂನು" ಎಂದು ಹೇಳಿ ನಿಲ್ಲಿಸಿಬಿಟ್ಟಿದ್ದ. ಸರ್ಕಾರವೇ ಬೇಡ ಅಂದಿದ್ದನ್ನು ಸರ್ಕಾರದವರ ಮುಂದೆ ಕೇಳುವುದು ಹೇಗೆಂದು ಇವರು ಬಾಯಿ ಬಿಟ್ಟಿರಲಿಲ್ಲ. "ಸರ್ಕಾರ್ದೋರಿಗೆ ನಮ್ಮ ಪದದ ಮ್ಯಾಲೆ ಯಾಕವ್ವ ಸಿಟ್ಟು?" ಎಂದು ಚಿಕ್ಕತಾಯಮ್ಮ ಕೇಳಿದಾಗ ಅವಳ ದನಿಯಲ್ಲಿ ಅಲ್ಲಿಯವರೆಗಿದ್ದ ಗಡಸು ಇರಲಿಲ್ಲ.

ಕೂಟದವರು ಇಷ್ಟು ಹೊತ್ತು ಚರ್ಚಿಸಿದ್ದು ಇದು ಕಾರ್ಖಾನೆಯೋ ಅಲ್ಲವೋ ಎಂದು. ಕಾರ್ಖಾನೆಯಾದರೆ ಹೆಂಗಸರು ಬಾಯಿ ಮುಚ್ಚಬೇಕೆಂದು ಮೇಸ್ತ್ರಿ ಆಗಲೇ ತೀರ್ಪು ಕೊಟ್ಟಾಗಿತ್ತು. ಆ ಕಾನೂನನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿದ್ದೆ. ಓದಿ ಏನು ಪ್ರಯೋಜನ ಎಂದು ಅಕ್ಕ ಕೇಳುತ್ತಿದ್ದಳು, ನಾನೂ ಕೇಳಿಕೊಳ್ಳುತ್ತಿದ್ದೆ. ಐದು ನಿಮಿಷದ ಭಾಷಣ ಪೂರ್ತಿ ತಲೆಯಿಂದ ಹೋಯಿತು. ಒಂದೇ ಮಾತು ಉಳಿಯಿತು. "ಕಾನೂನಿನಲ್ಲಿ ಹಾಗೆ ಎಲ್ಲೂ ಇಲ್ಲ," ಎಂದೆ.

ಒಂದು ಕ್ಷಣ ಹೆಂಗಸರಿಗೆ ನಂಬಿಕೆಯಾಗಲಿಲ್ಲ. ನಾನು ಇನ್ನೊಮ್ಮೆ ಹೇಳಿದೆ. ಆಗ ಚಿಕ್ಕತಾಯಮ್ಮನೇ ಎತ್ತಿಕೊಂಡಳು, ನಾನು ಹಾಡಿದ ಪ್ರಾರ್ಥನೆಯ ಧಾಟಿಯಲ್ಲಲ್ಲ, ಅವರದೇ ಧಾಟಿಯಲ್ಲಿ: "ಕಾನೂನಲ್ಲಿ ಅಂಗೆ ಎಲ್ಲೂ ಇಲ್ಲಾ, ಸೋಬಾನವೇ." ಎಲ್ಲರೂ ಹಿಡಿದುಕೊಂಡರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಕಣ್ಣು ಮುಚ್ಚಿ, ಕೈ ಮಾತ್ರ ಇಲ್ಲದ ರಾಟೆಯನ್ನು ತಿರುಗಿಸುತ್ತ ಹಾಡಿದಳು. ಮುಗಿಸಲು ನನ್ನ ಅಪ್ಪಣೆ ಬೇಕೆಂದು ಮತ್ತೆ ಮತ್ತೆ ನನ್ನ ಕಡೆ ನೋಡುತ್ತಿದ್ದರು. ನಾನು ಕೊಡಲಿಲ್ಲ.

ಗಫಾರ್ ಸಾಹೇಬರು ಮೇಸ್ತ್ರಿಯ ಕಡೆ ತಿರುಗಿದರು. "ಅರೆ ಪುಟ್ಟಸ್ವಾಮಿ, ಹಾಡಬೇಡಿ ಅಂತ ನಾನು ಯಾವಾಗ ಅಂದೆ? ನಾನೂ ನೋಡ್ತಾ ಇದ್ದೀನಿ, ಈಚೆಗೆ ಇಲ್ಲಿ ಬಂದ್ರೆ ಏನೋ ಒಂದು ಕಮ್ಮಿ ಅನ್ನಿಸ್ತಾ ಇತ್ತು. ನನಗೇ ಕಿವಿ ಮಂದ ಆಯ್ತೇನೋ ಅಂತ ಮಳವಳ್ಳಿ ಡಾಕ್ಟರ ಹತ್ರ ಹೋಗಿ ಎಣ್ಣೆ ಹಾಕಿಸ್ಕೊಂಡು ಬಂದೆ ಕಣಪ್ಪ!" ಎಂದರು. ಮೇಸ್ತ್ರಿ, "ನೂಲು ಕಡೀತದೆ ಅಂತ..." ಎಂದು ಏನೋ ಗೊಣಗಿದ. ಅಧಿಕಾರಿಗಳು ಪೆನ್ನು ತೆಗೆದು, ಈ ಒಪ್ಪಂದವನ್ನು ವೇತನದ ಕೆಳಗೆ ಬರೆದುಕೊಳ್ಳುವುದೋ ಕೆಲಸದ ಅವಧಿಯ ಕೆಳಗೋ ಎಂದು ಅಧ್ಯಕ್ಷರನ್ನು ಕೇಳಿದರು. ಅಮಲ್ದಾರರು ಬಹಳ ಯೋಚಿಸಿ, "ಪ್ರಾರ್ಥನೆಯ ಕೆಳಗೆ ಬರೆದುಕೊಳ್ಳಿ" ಎಂದರು. ಪತ್ರಿಕೆಯ ವರದಿಯೂ ಹಾಗೇ ಬಂತು: ಸೋದರಿಯೊಬ್ಬರ ಪ್ರಾರ್ಥನೆಯ ನಂತರ ಉಭಯ ಪಕ್ಷಗಳಿಗೂ ರಾಜಿಯಾಯಿತು. ಪತ್ರಿಕೆಯವರು ಅಪರೂಪಕ್ಕೆ ಪೂರ್ತಿ ಸತ್ಯ ಬರೆದಿದ್ದರು.

ಈ ಸುದ್ದಿ ಹಬ್ಬಿ ಕೂಟದವರಿಗೆ ನನ್ನ ಮೇಲೆ ಗೌರವ ಬಂತು. ಮುಂದಿನ ಮಂಡ್ಯದ ಸಭೆಯಲ್ಲಿ ನನ್ನ ಭಾಷಣ, ಅದೂ ಐದು ನಿಮಿಷವಲ್ಲ, ಅರ್ಧ ಗಂಟೆ. ಪ್ರಾರ್ಥನೆಗೆ ಬೇರೆ ಯಾರೂ ಸಿಗಲಿಲ್ಲವಾದ್ದರಿಂದ ಅದನ್ನೂ ನಾನೇ ಹಾಡಿದೆ. ಆದರೆ ಇಳಿದು ಹೋಗಲಿಲ್ಲ. ಇಷ್ಟು ವರ್ಷ ಬಯಸಿದ್ದ ಆ ಜಾಗದಲ್ಲೇ ನಿಂತೆ. ಮುಂದೆ ವಕೀಲರು, ಮೇಷ್ಟರು, ಗಿರಣಿಯ ಯಜಮಾನರು. ಪಕ್ಕದ ಜಗುಲಿಯಲ್ಲಿ ಅಕ್ಕ, ಹಪ್ಪಳದ ವಿಚಾರವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ನೆಟ್ಟಗೆ ಕೂತಿದ್ದಳು. ನಾನು ಮೊದಲ ವಾಕ್ಯ ಹೇಳಿದೆ. ಸ್ಪಷ್ಟವಾಗಿ, ನನ್ನ ದನಿಯಲ್ಲಿ ಹೇಳಿದೆ. ಹೇಳಿ, ಸಾಲು ಎತ್ತಿಕೊಟ್ಟವಳ ಹಾಗೆ ನಿಂತೆ.

ಏನೂ ಆಗಲಿಲ್ಲ. ಫ್ಯಾನಿನ ಸದ್ದು ಕೇಳಿಸಿತು. ಎರಡನೆಯ ವಾಕ್ಯ ಹೇಳಿ ಮತ್ತೆ ನಿಂತೆ. ಯಾರೋ ಶಲ್ಯ ಸರಿಮಾಡಿಕೊಂಡರು. ಮೂರನೆಯದಕ್ಕೂ ನಿಂತಾಗ ಅಧ್ಯಕ್ಷ ಸ್ಥಾನದಲ್ಲಿದ್ದ ಅಮಲ್ದಾರರು ಕನಿಕರದಿಂದ ಮುಂದೆ ಬಾಗಿ, "ಮರೆತುಹೋಯಿತೇನಮ್ಮ? ಪರವಾಗಿಲ್ಲ, ಗಾಬರಿಯಾಗಬೇಡಿ. ಬೇಕಾದರೆ ಇನ್ನೊಂದು ಹಾಡು ಹೇಳಿ ಮುಗಿಸಿಬಿಡಿ" ಎಂದರು. ಮರೆತಿಲ್ಲ ಎಂದೆ. ಅರ್ಧ ಗಂಟೆ ಮಾತಾಡಿ ಮುಗಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಹಳ ಚೆನ್ನಾಗಿತ್ತು ಎಂದರು. ಒಬ್ಬರಾದರೂ ತಪ್ಪು ಅನ್ನಲಿಲ್ಲ.

ಮನೆಗೆ ನಡೆದು ಬರುವಾಗ ಭಾವ, "ವಿಷಯವೆಲ್ಲ ಗಟ್ಟಿಯಾಗಿತ್ತಮ್ಮ. ಆದರೆ ಒಂದೊಂದು ವಾಕ್ಯಕ್ಕೂ ನಿಂತು ನಿಂತು ಅದ್ಯಾರ ದಾರಿ ನೋಡ್ತಿದ್ದೆ?" ಎಂದು ಕೇಳಿದರು.

"ಮಳವಳ್ಳಿ ಬಸ್ಸಿನದು," ಎಂದೆ.

ಭಾವ ರಸ್ತೆಯಲ್ಲೇ ನಿಂತು ಗಟ್ಟಿಯಾಗಿ ನಕ್ಕರು. ನಾನು ಇಷ್ಟು ಚೆನ್ನಾಗಿ ತಮಾಷೆ ಮಾಡುತ್ತೇನೆಂದು ಅವರಿಗೆ ಗೊತ್ತೇ ಇರಲಿಲ್ಲವಂತೆ.